ಅಕ್ಕನ ಕಣ್ಣಲ್ಲಿ ನಾನು ಕಂಡ ಹಳದಿ

ಶಿಕಾರಿಪುರದ ತಾಲ್ಲೂಕು ಕಚೇರಿಯ ಕಾಂಪೌಂಡ್ ಗೋಡೆಗೆ ಒರಗಿಸಿಟ್ಟ ಒಂದು ಮೇಜು, ಎರಡು ಕುರ್ಚಿ, ತಲೆಯ ಮೇಲೊಂದು ಟಾರ್ಪಾಲು. ಇಷ್ಟೇ ನನ್ನ ಸಾಮ್ರಾಜ್ಯ. ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ವಂಶವೃಕ್ಷ, ಹದ್ದುಬಸ್ತು ಅಂತ ಜನರಿಗೆ ಬೇಕಾದ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಈ ಕಸುಬಿಗೆ ಅಕ್ಷರ ದುಂಡಗಿದ್ದರೆ ಸಾಲದು, ಅನುಮಾನ ಚೂಪಾಗಿರಬೇಕು. ಈ ಹೆಬ್ಬೆಟ್ಟು ಬದುಕಿದವರದೋ ಸತ್ತವರದೋ, ಈ ಸಹಿ ತಮ್ಮನದೋ ಅಣ್ಣನೇ ಮಾಡಿ ತಂದದ್ದೋ ಅಂತ ನೋಡಿ ನೋಡಿ ನನ್ನ ಹುಬ್ಬು ಗಂಟುಹಾಕಿಕೊಂಡೇ ಕೂತುಬಿಟ್ಟಿದೆ. ಕಾಫಿ ಲೋಟ ಕೊಟ್ಟರೂ ಹಿಂಬದಿ ತಿರುಗಿಸಿ ನೋಡುವವನು ಅಂತ ನನ್ನ ಹೆಂಡತಿ ಬಂದವರೆದುರು ಹೇಳುತ್ತಾಳೆ. ಅದು ಸುಳ್ಳು. ತಿರುಗಿಸಿದರೆ ಕಾಫಿ ಚೆಲ್ಲುತ್ತದೆ, ಅಷ್ಟು ನನಗೂ ಗೊತ್ತು.

ಮೈಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ನಾನು ಹೆದರದ ಕಾಯಿಲೆ ಇಲ್ಲ, ಅವುಗಳಲ್ಲಿ ನನಗೆ ಬಂದದ್ದು ಒಂದೂ ಇಲ್ಲ. ಐವತ್ತು ದಾಟಿದ ಮೇಲೆ ದಿನಕ್ಕೆ ಮೂರು ಸಲ ನನ್ನ ನಾಡಿ ನಾನೇ ಹಿಡಿದು ಎಣಿಸುತ್ತೇನೆ. ಎಡಗೈ ಜೋಮು ಹಿಡಿದರೆ ಹೃದಯ, ಬಲಗೈ ಜೋಮು ಹಿಡಿದರೆ ಮೆದುಳು. ಹೀಗೆ ನನ್ನನ್ನೇ ಕಾಯುತ್ತ ಕೂತವನು ಅಕ್ಕನನ್ನು ಹೇಗೆ ಸಾವಿನ ಬಾಗಿಲಿಗೆ ಕರೆದುಕೊಂಡು ಹೋದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಊರಿನವರ ಅರ್ಜಿ ಬರೆದಾಯಿತು, ಒಂದು ನನ್ನದೂ ಇರಲಿ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಈಸೂರಿನ ಆಚೆ ಒಂದು ಹಳ್ಳಿಗೆ ಕೊಟ್ಟದ್ದು. ಭಾವನದು ಕುರಿ, ಮೆಕ್ಕೆಜೋಳ. ಅಪ್ಪ ಅಕ್ಕನ ಹೆಸರಿಗೆ ಬರೆದುಕೊಟ್ಟ ಎರಡು ಎಕರೆಯೂ ಅಲ್ಲೇ ಹತ್ತಿರದಲ್ಲಿದೆ. ಅದಕ್ಕೆ ಹದ್ದುಬಸ್ತು ಮಾಡಿಸಬೇಕು, ಅಂದರೆ ಅಳೆಸಿ ಗಡಿಕಲ್ಲು ಹಾಕಿಸಬೇಕು ಅಂತ ಭಾವ ಒಂದು ಚಳಿಗಾಲದ ಬೆಳಿಗ್ಗೆ ಅರ್ಜಿ ತಂದರು. ಕೆಳಗೆ ಅಕ್ಕನ ಸಹಿ ಇತ್ತು. ನಾನು ಅದನ್ನು ಬೆಳಕಿಗೆ ಹಿಡಿದೆ. ನಾಲ್ಕನೇ ಕ್ಲಾಸಿನ ತನಕ ಓದಿದ ಅಕ್ಕ ಒಂದೊಂದು ಅಕ್ಷರವನ್ನೂ ರಂಗೋಲಿ ಚುಕ್ಕಿ ಇಟ್ಟಂತೆ ಒತ್ತಿ ಬರೆಯುವವಳು. ಈ ಸಹಿಯೋ, ಶಾಯಿಯಲ್ಲಿ ಅದ್ದಿದ ಇರುವೆ ಕಾಗದದ ಮೇಲೆ ನಡೆದುಹೋದ ಹಾಗಿತ್ತು.

'ಅಕ್ಕನೇ ಮಾಡಿದ್ದಾ ಭಾವ?'

'ಮತ್ತಿನ್ಯಾರು ಮಾಡ್ತಾರ್ರೀ? ಕುರಿ ಮಾಡ್ತಾವಾ?'

ಕುರಿ ಮಾಡಿಲ್ಲ, ನೀವು ಮಾಡಿದ್ದೀರಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅರ್ಜಿಯನ್ನು ಡ್ರಾಯರಿಗೆ ಹಾಕಿ, 'ನಾಳೆ ನೋಡಾಣ' ಅಂದೆ. ಅಕ್ಕನ ಎರಡು ಎಕರೆ ಭಾವ ಯಾರಿಗೋ ಮಾರುತ್ತಿದ್ದಾರೆ ಅನ್ನುವ ಕಥೆ ಅಂದು ಸಂಜೆಯ ಹೊತ್ತಿಗೆ ನನ್ನ ತಲೆಯಲ್ಲಿ ಪೂರ್ತಿ ರಿಜಿಸ್ಟರ್ ಆಗಿತ್ತು.

ಮರುದಿನ ಬೈಕ್ ಹತ್ತಿ ಅಕ್ಕನ ಮನೆಗೆ ಹೋದೆ. ಭಾವ ಕುರಿ ಹೊಡೆದುಕೊಂಡು ಹೋಗಿದ್ದರು. ಪುಷ್ಯಮಾಸದ ಚಳಿಗೆ ನಾನು ಸ್ವೆಟರ್ ಮೇಲೆ ಮಫ್ಲರ್ ಸುತ್ತಿದ್ದರೆ ಅಕ್ಕ ತಣ್ಣೀರಲ್ಲಿ ಮುಖ ತೊಳೆದು ಬಾಗಿಲಿಗೆ ಬಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ನನಗೆ ಎರಡು ರೊಟ್ಟಿ ಹಾಕಿ ತಾನು ಐದು ತಿಂದಳು. ಇಷ್ಟು ತಿಂದೂ ಹೀಗೆ ಸೊರಗಿದ್ದಾಳೆಂದರೆ ದಿನಾ ತಿನ್ನಲು ಕೊಡುತ್ತಿಲ್ಲ, ಇವತ್ತು ನಾನು ಬಂದಿದ್ದಕ್ಕೆ ಸಿಕ್ಕಿತು ಅಂತ ನನ್ನ ಅನುಮಾನ ಇನ್ನೊಂದು ಮೆಟ್ಟಿಲು ಹತ್ತಿತು.

'ಇಲ್ಲೊಂದು ಸಹಿ ಹಾಕು' ಅಂದೆ.

ಪೆನ್ನು ಹಿಡಿದಳು. ಅದರ ತುದಿ ಕಾಗದದ ಮೇಲೆ ಟಕಟಕ ಕುಣಿಯಿತು. ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿ ಹಿಡಿದು ಬರೆದಳು. ಅದೇ ಇರುವೆ, ಅದೇ ನಡಿಗೆ.

'ನಿಲ್ಲಂಗಿಲ್ಲ ಕಣೋ ಕೈ. ಎದಿ ನೋಡು, ಮೆಕ್ಕೆಜೋಳದ ಮಿಷನ್ ಓಡಿದಂಗೆ ಓಡ್ತೈತಿ.'

ಭಾವನನ್ನು ಖುಲಾಸೆ ಮಾಡಬೇಕಾಯಿತು. ಆದರೆ ಅನುಮಾನ ಖಾಲಿ ಕೂರುವುದಿಲ್ಲ. ಅಕ್ಕ ಕುತ್ತಿಗೆಯ ಸುತ್ತ ಸೆರಗು ಬಿಗಿಯಾಗಿ ಹೊದ್ದುಕೊಂಡಿದ್ದಳು. ಇಷ್ಟು ಸೆಕೆ ಅನ್ನುವವಳು ಕುತ್ತಿಗೆ ಯಾಕೆ ಮುಚ್ಚಬೇಕು? ಹೊಡೆದ ಗುರುತಿರಬೇಕು ಅಂದುಕೊಂಡು 'ಸೆರಗು ತೆಗಿ' ಅಂತ ಗದರಿದೆ. ತೆಗೆದಳು. ಗುರುತು ಇರಲಿಲ್ಲ. ಗಂಟಲಿನ ಕೆಳಗೆ ಎರಡೂ ಬದಿಗೆ ಮೆತ್ತಗೆ ಊದಿಕೊಂಡಿತ್ತು, ನುಂಗಿದಾಗ ಅದೂ ಮೇಲೆ ಕೆಳಗೆ ಆಡುತ್ತಿತ್ತು.

'ಯಾರಿಗೂ ಹೇಳಬ್ಯಾಡ. ನಿಮ್ಮ ಭಾವಂಗೂ ಹೇಳಬ್ಯಾಡ' ಅಂದಳು ಅಕ್ಕ. 'ಹುಡುಗಿಗೆ ಗಂಡು ನೋಡಾಕೆ ಹತ್ತೀವಿ. ತಾಯಿಗೆ ಗಂಟಲಗಂಟು ಅಂದ್ರೆ ಮಗಳ ಕುತ್ತಿಗಿನೂ ಮುಟ್ಟಿ ನೋಡ್ತಾರ ಜನ.'

ಅವಳ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆ ಸಂಬಂಧ ಕೂಡಿಸುವಾಗ ಹೆಣ್ಣಿನ ಮನೆಯ ಗೋಡೆ ಬಿರುಕಿನಿಂದ ಹಿಡಿದು ಅಜ್ಜಿಯ ಕೆಮ್ಮಿನ ತನಕ ವಿಚಾರಿಸುತ್ತಾರೆ. ನಾನು ಒಪ್ಪಿಕೊಂಡೆ. ಗುಟ್ಟು ಕಾಯುವುದರಲ್ಲಿ ನನಗೊಂದು ಒಳಗಿನ ಹೆಮ್ಮೆಯೂ ಇದೆ.

ಸಂತೆಯ ನೆಪದಲ್ಲಿ ಅಕ್ಕನನ್ನು ಶಿಕಾರಿಪುರಕ್ಕೆ ಕರೆಸಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಕೆಲಸ ಮಾಡುತ್ತಿದೆ ಅಂದರು ಅವರು. 'ಅಡುಗೆ ಆದಮೇಲೂ ಒಲೆ ಉರೀತಾನೇ ಇದ್ರೆ ಏನಾಗ್ತದೆ? ಹಂಗೆ ಇದು. ತಿಂದಿದ್ದೆಲ್ಲ ಸುಟ್ಟು ಹೋಗ್ತದೆ.' ಗ್ರಂಥಿಯನ್ನು ತಗ್ಗಿಸಲು ಒಂದು ಮಾತ್ರೆ, ಎದೆಬಡಿತ ಇಳಿಸಲು ಒಂದು ಮಾತ್ರೆ ಬರೆದರು. ಆಮೇಲೆ ನನ್ನ ಮುಖ ನೋಡಿಯೇ ಹೇಳಿದರು: 'ಒಂದು ದಿನಾನೂ ನಿಲ್ಲಿಸಬಾರದು. ಜ್ವರ, ಗಂಟಲು ನೋವು ಬಂದ್ರೆ, ಕಣ್ಣು ಹಳದಿ ಆದ್ರೆ, ಸೀದಾ ನನ್ನ ಹತ್ರ ಬನ್ನಿ.'

ಮಾತ್ರೆಗಳನ್ನು ಅಕ್ಕನ ಮನೆಯಲ್ಲಿ ಇಡುವ ಹಾಗಿರಲಿಲ್ಲ. ಹಾಗಾಗಿ ಅವು ನನ್ನ ಮೇಜಿನ ಡ್ರಾಯರ್ ಸೇರಿದವು. ಪ್ರತಿ ಸಂತೆ ದಿನ ಅಕ್ಕ ಬಂದು ಎದುರಿನ ಕುರ್ಚಿಯಲ್ಲಿ ಕೂತು, ಅರ್ಜಿ ಬರೆಸುವವಳ ಹಾಗೆ ಮುಖ ಮಾಡಿಕೊಂಡು, ವಾರದ ಮಾತ್ರೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಒಂದೆರಡು ತಿಂಗಳಲ್ಲಿ ಕೈ ನಿಂತಿತು. ಕೆನ್ನೆ ತುಂಬಿತು. ಅಕ್ಕನ ಸಿಡುಕು, ಜಗಳ ಕಡಿಮೆಯಾಯಿತು ಅಂತ ಭಾವ ಯಾರಿಗೋ ಹೇಳಿದರಂತೆ. ಎಲ್ಲ ಸರಿಹೋಗುತ್ತಿತ್ತು, ನನ್ನಂಥವನಿಗೆ ಅದೇ ಸರಿಬರಲಿಲ್ಲ.

ಬೇಸಿಗೆಯ ಮೊದಲ ಬಿರುಗಾಳಿಗೆ ನನ್ನ ಹಳೆಯ ನೀಲಿ ಟಾರ್ಪಾಲು ಹರಿದುಹೋಗಿ, ಅಂಗಡಿಯಲ್ಲಿದ್ದ ಹಳದಿಯದನ್ನೇ ತಂದು ಕಟ್ಟಿದ್ದೆ. ಅದೇ ವಾರ ಮೆಡಿಕಲ್ ಶಾಪಿನವನು ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಕೊಡುವ ಬದಲು ಪೂರ್ತಿ ಡಬ್ಬಿಯನ್ನೇ ಕೊಟ್ಟ. ಒಳಗೆ ಎಂಟು ಮಡಿಕೆಯ ಕಾಗದವೊಂದಿತ್ತು. ಸಣ್ಣಕ್ಷರ ಕಂಡರೆ ಬಿಡುವವನಲ್ಲ ನಾನು. ಮೋಸವೆಲ್ಲ ಸಣ್ಣಕ್ಷರದಲ್ಲೇ ಇರುತ್ತದೆ. ಭೂತಗನ್ನಡಿ ಹಿಡಿದು, ಅರ್ಥವಾಗದ ಇಂಗ್ಲಿಷನ್ನು ಮೊಬೈಲಿಗೆ ತಿನ್ನಿಸಿ ಓದಿದೆ. ಅಪರೂಪಕ್ಕೆ ಈ ಮಾತ್ರೆಯಿಂದ ಪಿತ್ತಜನಕಾಂಗಕ್ಕೆ ತೊಂದರೆಯಾಗಿ ಕಾಮಾಲೆ ಬರಬಹುದು ಅಂತ ಇತ್ತು. 'ಅಪರೂಪಕ್ಕೆ' ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಅಪರೂಪದ್ದೆಲ್ಲ ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತದೆ.

ಮುಂದಿನ ಸಂತೆ ದಿನ ಅಕ್ಕ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಹಳದಿ. ಅಂಗೈ ನೋಡಿದೆ. ಹಳದಿ.

'ನಂಗೇನೂ ಆಗಿಲ್ಲಲ್ಲೋ' ಅಂದಳು.

'ಆದವರಿಗೆ ಗೊತ್ತಾಗಂಗಿಲ್ಲ. ಅದಕ್ಕೇ ಅದು ಕಾಮಾಲೆ.'

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಗುಟ್ಟನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಸೊರಬದ ಕಡೆಯವಳು. ನನ್ನ ಭಯಗಳ ಜೊತೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಾಳೆ.

'ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನಿಮಗೆ ಕಾಮಾಲೆ ಇಲ್ದೇನೂ ಹಂಗೇ ಕಾಣ್ತದೆ' ಅಂದಳು. 'ಎಂತಕ್ಕೂ ಡಾಕ್ಟರಮ್ಮನ ಹತ್ರ ಹೋಗಿ.'

'ತಾನು ಕೊಟ್ಟ ಮಾತ್ರೆಯಿಂದಲೇ ಆಯ್ತು ಅಂತ ಯಾವ ಡಾಕ್ಟ್ರು ಒಪ್ಪಿಕೊಳ್ತಾರೆ? ತಾನು ಅಳೆದದ್ದು ತಪ್ಪು ಅಂತ ಯಾವ ಸರ್ವೇಯರಾದ್ರೂ ಬರೆದುಕೊಟ್ಟಿದ್ದು ನೋಡಿದ್ದೀಯಾ?'

'ಹಂಗಾದ್ರೆ ಮಾಡಿ ನಿಮ್ಮಿಷ್ಟ. ಆಮೇಲೆ ನನ್ನ ಹತ್ರ ಬಂದು ಕೂರ್ಬೇಡಿ ಮಾರಾಯ್ರೆ.'

ಮಲೆನಾಡಿನ ಅಂಚಿನ ನಮ್ಮ ಕಡೆ ಕಾಮಾಲೆ ಅಂದರೆ ಆಸ್ಪತ್ರೆಯ ಕಾಯಿಲೆಯೇ ಅಲ್ಲ. ಓದಿದವರೂ ಅದಕ್ಕೆ ನಾಟಿ ಔಷಧಿಯವರ ಬಳಿಗೇ ಹೋಗುವುದು. ಸೊರಬದ ಬಸ್‌ಸ್ಟ್ಯಾಂಡಿನಿಂದ ಇನ್ನೊಂದು ಬಸ್ ಹಿಡಿದರೆ ಸಿಗುವ ಒಂದು ಹಳ್ಳಿಯಲ್ಲಿ ವಯಸ್ಸಾದವರೊಬ್ಬರು ಔಷಧಿ ಕೊಡುತ್ತಿದ್ದರು. ಖಾಲಿಹೊಟ್ಟೆಯಲ್ಲಿ ಬೆಳಿಗ್ಗೆ ಹೋಗಬೇಕು. ಕಾಮಾಲೆಯ ಇನ್ನೊಂದು ಅನುಕೂಲವೆಂದರೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಬಹುದು. ಸಂಬಂಧ ಕೆಡಿಸುವ ಕಾಯಿಲೆಯಲ್ಲ ಅದು. ಭಾವನಿಗೆ ಹೇಳಿಯೇ ಅಕ್ಕನನ್ನು ಕರೆದುಕೊಂಡು ಹೊರಟೆ.

ಆ ಯಜಮಾನರು ಅಂಗಳದ ಎಳೆಬಿಸಿಲಲ್ಲಿ ಅಕ್ಕನನ್ನು ನಿಲ್ಲಿಸಿ ರೆಪ್ಪೆ ಎತ್ತಿ ನೋಡಿದರು. ಉಗುರು ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

'ನಂಗೆಂತ ಹಳದಿ ಕಾಣ್ತಾ ಇಲ್ಲ ಮಾರಾಯ್ರೆ.'

ಅಯ್ಯೋ, ಇವರ ಕಣ್ಣಿಗೇ ಪೊರೆ ಬಂದಿದೆ ಅಂದುಕೊಂಡೆ. 'ಇಲ್ಲ, ನಾನು ಸರಿಯಾಗಿ ನೋಡೀನಿ. ಕಣ್ಣಷ್ಟೇ ಅಲ್ಲ, ಅಂಗೈನೂ ಹಳದಿ ಇತ್ತು' ಅಂತ ಹಟ ಹಿಡಿದೆ. ನನ್ನ ಹಟಕ್ಕೆ ಸೋತು ಅವರು ಮೂರು ದಿನಕ್ಕೆ ಮೂರು ಸೊಪ್ಪಿನ ಉಂಡೆ ಕಟ್ಟಿಕೊಟ್ಟರು. ಹಾಲಲ್ಲಿ ಕದಡಿ ಕುಡಿಯಬೇಕು. ಇಪ್ಪತ್ತೊಂದು ದಿನ ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಇಂಗ್ಲಿಷ್ ಔಷಧಿಯಂತೂ ಇಲ್ಲವೇ ಇಲ್ಲ.

'ಬೇರೆ ಎಂತಾದ್ರೂ ಮಾತ್ರೆ ತಿಂತಾರಾ? ತಿಂತಿದ್ರೆ ಈಗ್ಲೇ ಹೇಳಿ. ಹಂಗಿದ್ರೆ ನಾ ಕೊಡೋದಿಲ್ಲ' ಅಂದರು ಯಜಮಾನರು.

ಅಕ್ಕ ನನ್ನ ಮುಖ ನೋಡಿದಳು. 'ಇಲ್ಲ' ಅಂದೆ ನಾನು.

ಡ್ರಾಯರಿಗೆ ಬೀಗ ಹಾಕಿದೆ. ಅಕ್ಕ ಆಸೆಬಿದ್ದು ಕೇಳಿದರೂ ಕೊಡಬಾರದು ಅಂತ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಆ ಕೀಲಿ ಕೂತಾಗೆಲ್ಲ ಚುಚ್ಚುತ್ತಿತ್ತು, ಯಾಕೆ ಅಂತ ಮಾತ್ರ ಯೋಚಿಸಲಿಲ್ಲ.

ಒಂದು ವಾರ ಕಳೆದು ಫೋನ್ ಮಾಡಿದರೆ ಅಕ್ಕ 'ಮತ್ತೆ ನಿದ್ದಿ ಇಲ್ಲ ಕಣೋ, ಕೈ ನಡುಗ್ತೈತಿ' ಅಂದಳು. ಪಥ್ಯದ ನಿತ್ರಾಣ ಅಂದೆ. ಹತ್ತನೇ ದಿನ ಭೇದಿ ಶುರುವಾಯಿತು ಅಂದಳು. ಪಿತ್ತ ಇಳಿಯುತ್ತಿದೆ, ಒಳ್ಳೆಯ ಲಕ್ಷಣ ಅಂದೆ. ಮೈಯೆಲ್ಲ ಬೆವರು ಅಂದಳು. ಬೇಸಿಗೆಯಲ್ಲಿ ಯಾರಿಗಿಲ್ಲ? ಜಗತ್ತಿನ ಮೇಲೆಲ್ಲ ಅನುಮಾನ ಪಡುವ ನಾನು ಅಷ್ಟೂ ದಿನ ಅನುಮಾನ ಪಡದೆ ಉಳಿದದ್ದು ಒಬ್ಬನ ಮೇಲೆ ಮಾತ್ರ, ನನ್ನ ಮೇಲೆ.

ಹದಿಮೂರನೇ ದಿನ ಬೆಳಿಗ್ಗೆ ಮೇಜು ಒರೆಸುತ್ತಿದ್ದಾಗ ಭಾವನ ಫೋನ್ ಬಂತು.

'ನಿಮ್ಮಕ್ಕ ಏನೇನೋ ಮಾತಾಡಾಕೆ ಹತ್ಯಾಳ್ರೀ. ಮೈ ಮುಟ್ಟಿದ್ರೆ ಕೆಂಡ. ನಿನ್ನೆ ಬಿಸಿಲಾಗೆ ಕುರಿ ಹಿಂದೆ ಹೋಗಿದ್ಲು, ಬಿಸಿಲು ಬಡಿದೈತಿ. ಗೂಡ್ಸ್ ಆಟೋದಾಗೆ ಹಾಕ್ಕೊಂಡು ಬರ್ತಾ ಇದೀವಿ, ಆಸ್ಪತ್ರಿ ಹತ್ರ ಬರ್ರಿ.'

ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅಕ್ಕ ನನ್ನನ್ನು ನೋಡಿ 'ಅಪ್ಪಾ, ಕುರಿ ಹೊಲಕ್ಕೆ ಬಿದ್ದಾವು ನೋಡು' ಅಂದಳು. ಅಪ್ಪ ಹೋಗಿ ಎಷ್ಟೋ ವರ್ಷವಾಗಿದೆ. ಕಣ್ಣು ಅರಳಿ ಹೊರಗೆ ಬಂದಂತಿದ್ದವು. ಸ್ಟ್ರೆಚರ್ ಮೇಲೆ ಒಂದು ಕ್ಷಣ ಮಲಗುತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಕೀಳುತ್ತಿದ್ದಳು. ಬೆವರಿಗೆ ಸೀರೆ ತೊಯ್ದಿತ್ತು. ಇಷ್ಟಾದರೂ ಕುತ್ತಿಗೆಯ ಸೆರಗನ್ನು ಮಾತ್ರ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದಳು.

ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ಇವರಿಗೆ ಏನು ಗೊತ್ತಿರಬಹುದು ಅಂತ ನನ್ನ ಹಳೆಯ ಬುದ್ಧಿ ಅಲ್ಲೂ ತಲೆಯೆತ್ತಿತು. ಜ್ವರ ನೂರ ನಾಲ್ಕು. ನಾಡಿ ಹಿಡಿದವರು ಗಡಿಯಾರ ನೋಡಿದರು, ಮತ್ತೆ ನಾಡಿ ನೋಡಿದರು, ಎದೆಗೆ ಯಂತ್ರ ಹಚ್ಚಿಸಿದರು. ನೂರ ಅರವತ್ತರ ಮೇಲೆ, ಅದೂ ತಾಳ ತಪ್ಪಿದ ಬಡಿತ.

'ಮೊದಲು ಏನಾದ್ರೂ ಕಾಯಿಲೆ ಇತ್ತಾ? ಯಾವ್ದಾದ್ರೂ ಮಾತ್ರೆ ತಗೊಳ್ತಿದ್ರಾ?'

'ಏನೂ ಇಲ್ರೀ' ಅಂದರು ಭಾವ. 'ಕಾಮಾಲೆ ಅಂತ ಮೂರು ದಿನ ಸೊಪ್ಪಿನ ಔಷಧಿ ಕುಡಿದಿದ್ಲು, ಅದು ಬಿಟ್ರೆ ಒಂದು ದಿನ ಮಲಗಿದವಳಲ್ಲ. ಇಲ್ಲಿ ನೋಡ್ರಿ, ಅಂಗಡಿಯಾಗೆ ಜ್ವರದ ಮಾತ್ರೆ ಕೊಟ್ಟಿದ್ರು, ನುಂಗಿಸಾಕೆ ಹೋದ್ರೆ ಉಗುಳಿಬಿಟ್ಲು.'

ಡಾಕ್ಟರು ಆ ಸ್ಟ್ರಿಪ್ ತಿರುಗಿಸಿ ನೋಡಿದರು. 'ಇದು ಆಸ್ಪಿರಿನ್, ಇಂಥ ಜ್ವರಕ್ಕೆ ಕೊಡಬಾರದು. ಉಗುಳಿದ್ದೇ ಒಳ್ಳೇದಾಯ್ತು.' ನರ್ಸಮ್ಮನಿಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಹಾಕಲು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಲೇ ಇರಲು ಹೇಳಿದರು. ಆದರೆ ಅವರ ಮುಖದಲ್ಲಿ ಒಂದು ಒಪ್ಪದ ಭಾವ ಇತ್ತು. ನನಗೆ ಚೆನ್ನಾಗಿ ಗೊತ್ತಿರುವ ಭಾವ ಅದು. ಕಾಗದವೆಲ್ಲ ಸರಿಯಿದ್ದರೂ ಏನೋ ಒಂದು ಸರಿಯಿಲ್ಲ ಅನ್ನಿಸಿದಾಗ ನನ್ನ ಮುಖವೂ ಹಾಗೇ ಆಗುತ್ತದೆ.

'ಬರೀ ಬಿಸಿಲು ಅಂತ ನಂಗೆ ಅನ್ನಿಸ್ತಿಲ್ಲ' ಅಂದರು ತಮಗೇ ಹೇಳಿಕೊಳ್ಳುವಂತೆ. ಅಕ್ಕನ ಚಾಚಿದ ಬೆರಳುಗಳ ನಡುಕ ನೋಡಿದರು. ಕಣ್ಣು ನೋಡಿದರು. ಆಮೇಲೆ ಕುತ್ತಿಗೆಯ ಸೆರಗಿಗೆ ಕೈ ಹಾಕಿದರು. ಅಕ್ಕ ಬಿಡಲಿಲ್ಲ. ಆ ಸ್ಥಿತಿಯಲ್ಲೂ ಬಿಡಲಿಲ್ಲ.

ಭಾವ ನನ್ನ ಪಕ್ಕದಲ್ಲೇ ನಿಂತಿದ್ದರು. ಹೇಳಿದರೆ ಅಕ್ಕನಿಗೆ ಕೊಟ್ಟ ಮಾತು ಹೋಗುತ್ತದೆ, ಮಗಳ ಸಂಬಂಧ ಹೋಗುತ್ತದೆ, ನನ್ನ ಮರ್ಯಾದೆ ಹೋಗುತ್ತದೆ. ನಾಚಿಕೆಯ ಮಾತು ಹೇಳುತ್ತೇನೆ, ಮೂರನೆಯದೇ ನನಗೆ ಹೆಚ್ಚು ಭಾರವಾಗಿ ಕಂಡಿತು. ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ, ಒಂದು ನಿಮಿಷ ಇರಬಹುದು. ಅಕ್ಕನ ನಾಡಿಯ ಲೆಕ್ಕದಲ್ಲಿ ಅದು ನೂರ ಅರವತ್ತು ಬಡಿತ.

'ಥೈರಾಯ್ಡ್ ಐತ್ರೀ' ಅಂದೆ. 'ಜಾಸ್ತಿ ಇರೋದು. ಮಾತ್ರೆ ತಗೊಳ್ತಿದ್ಲು. ನಾನೇ ನಿಲ್ಲಿಸಿದೆ.'

'ಎಷ್ಟು ದಿನ ಆಯ್ತು?'

'ಹದಿಮೂರು.'

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. 'ಥೈರಾಯ್ಡ್ ಸ್ಟಾರ್ಮ್ ಅಂತಾರೆ ಇದನ್ನ. ಹತೋಟಿಯಲ್ಲಿದ್ದ ಗ್ರಂಥಿ ಮಾತ್ರೆ ಬಿಟ್ಟ ಮೇಲೆ ಒಮ್ಮೆಲೇ ಹುಚ್ಚೆದ್ದ ಹಾಗೆ. ರಕ್ತದ ರಿಪೋರ್ಟ್ ಬರೋ ತನಕ ಕಾಯೋ ಹಾಗಿಲ್ಲ. ಅನುಮಾನದ ಮೇಲೇ ಔಷಧಿ ಶುರು ಮಾಡ್ಬೇಕು. ತಡ ಆದ್ರೆ ಜೀವಕ್ಕೇ ಕುತ್ತು. ಆ ಮಾತ್ರೆ ಇಲ್ಲಿ ಈಗ ಸ್ಟಾಕ್ ಇಲ್ಲ. ನಿಮ್ಮ ಹತ್ರ ಉಳಿದಿದೆಯಾ?'

'ನನ್ನ ಡ್ರಾಯರಲ್ಲಿ.'

'ಓಡಿ.'

ಬೈಕಿನಲ್ಲಿ ಐದು ನಿಮಿಷದ ದಾರಿ. ಉಡಿದಾರದಿಂದ ಕೀಲಿ ಬಿಚ್ಚಲು ಬಾರದೆ, ಮೇಜಿನ ಮುಂದೆ ಮಂಡಿಯೂರಿ, ಸೊಂಟಕ್ಕೆ ಕಟ್ಟಿದ ಹಾಗೇ ಬೀಗಕ್ಕೆ ತೂರಿಸಿ ತಿರುಗಿಸಿದೆ. ಕಚೇರಿಯ ಮುಂದೆ ಸಾಲಿನಲ್ಲಿ ನಿಂತ ಜನ ನನ್ನನ್ನು ನೋಡುತ್ತಿದ್ದರು. ಮಾತ್ರೆಯ ಸ್ಟ್ರಿಪ್‌ಗಳನ್ನು ಹಾಕಿಟ್ಟಿದ್ದ ಬಿಳಿ ಲಕೋಟೆ ಹಳದಿಯಾಗಿತ್ತು. ಡ್ರಾಯರಿನ ಕಾವಿಗೆ ಕಾಗದ ಇಷ್ಟು ಬೇಗ ಹಳದಿಗಟ್ಟಿತೇ ಅಂದುಕೊಳ್ಳುತ್ತ ಎದ್ದು ಎರಡು ಹೆಜ್ಜೆ ಹೊರಗಿಟ್ಟೆ. ಲಕೋಟೆ ಬೆಳ್ಳಗಾಯಿತು. ಮತ್ತೆ ಒಳಗೆ ಚಾಚಿದೆ, ಹಳದಿ. ನನ್ನ ಅಂಗೈ ನೋಡಿಕೊಂಡೆ, ಹಳದಿ. ತಲೆಯೆತ್ತಿದೆ. ಹೊಸ ಟಾರ್ಪಾಲು ಬಿಸಿಲಿಗೆ ಮಾಗಿದ ಬಾಳೆಹಣ್ಣಿನ ಹಾಗೆ ಹೊಳೆಯುತ್ತಿತ್ತು.

ಅಲ್ಲಿ ನಿಂತು ಅಳುವಷ್ಟು ಹೊತ್ತು ನನಗಿರಲಿಲ್ಲ.

ನಾನು ವಾಪಸು ಬರುವಷ್ಟರಲ್ಲಿ ಅಕ್ಕನ ಮೂಗಿಗೆ ಆಕ್ಸಿಜನ್, ಕೈಗೆ ಡ್ರಿಪ್ ಹಾಕಿ, ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ನುಂಗುವ ಸ್ಥಿತಿ ಇಲ್ಲದ್ದರಿಂದ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದ್ದರು. ನರ್ಸಮ್ಮ ಮಾತ್ರೆ ಪುಡಿ ಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಬಿಟ್ಟರು. ಎದೆಬಡಿತ ಇಳಿಸುವ ಔಷಧಿಯನ್ನು ಡಾಕ್ಟರು ಯಂತ್ರದ ಮೇಲೆ ಕಣ್ಣಿಟ್ಟು ಅಳೆದು ಅಳೆದು ಕೊಟ್ಟರು. ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಐಸಿಯುನಲ್ಲಿ ಜಾಗ ಹೇಳಿ, ಆಂಬ್ಯುಲೆನ್ಸ್ ತರಿಸಿದರು.

'ಅಲ್ಲಿ ಅಯೋಡಿನ್ ಹನಿ ಕೊಡ್ತಾರೆ' ಅಂದರು ನನಗೆ. 'ಆದ್ರೆ ಈ ಮಾತ್ರೆ ಹೋಗಿ ಕನಿಷ್ಠ ಒಂದು ಗಂಟೆ ಆಗಿರ್ಬೇಕು. ಮೊದಲೇ ಕೊಟ್ರೆ ಉರಿಯೋ ಬೆಂಕಿಗೆ ಸೌದೆ ಹಾಕಿದ ಹಾಗೆ.'

ಅದೊಂದು ಕೆಲಸ ನನಗೆ ಬರುತ್ತಿತ್ತು. ಜೇಬಿನಿಂದ ಕಾಗದ ತೆಗೆದು, ಯಾವ ಮಾತ್ರೆ, ಎಷ್ಟು, ಯಾವ ಗಂಟೆ ಎಷ್ಟು ನಿಮಿಷಕ್ಕೆ ಕೊಳವೆಯಲ್ಲಿ ಹೋಯಿತು ಅಂತ ದುಂಡಗೆ ಬರೆದೆ. ಅಭ್ಯಾಸಬಲದಿಂದ ಕೆಳಗೆ 'ಸಾಕ್ಷಿ' ಅಂತ ಬರೆದು ಭಾವನ ಮುಂದೆ ಹಿಡಿದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಸಹಿ ಹಾಕಿದರು.

ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗ ಮುಟ್ಟುವ ತನಕ ನಾನು ಗಡಿಯಾರ ನೋಡುತ್ತಿದ್ದೆ, ಭಾವ ಅಕ್ಕನ ಹಣೆಗೆ ಒದ್ದೆ ಬಟ್ಟೆ ಬದಲಿಸುತ್ತಿದ್ದರು. ಅವರು ಯಾವಾಗ ನನ್ನ ಕೊರಳಪಟ್ಟಿ ಹಿಡಿಯುತ್ತಾರೋ ಅಂತ ಕಾದೆ. ಹಿಡಿಯಲಿಲ್ಲ. ಈ ಮೌನದ ಹಿಂದೆ ಏನಿದೆ ಅಂತ ಅದರ ಮೇಲೂ ಅನುಮಾನ ಬಂತು. ದೊಡ್ಡ ಆಸ್ಪತ್ರೆಯ ಡಾಕ್ಟರು ನನ್ನ ಕಾಗದ ಓದಿ, 'ಟೈಮ್ ಬರೆದು ತಂದಿದ್ದು ಒಳ್ಳೇದಾಯ್ತು' ಅಂದರು. ನನ್ನ ಬರವಣಿಗೆಗೆ ಸಿಕ್ಕ ಎಷ್ಟೋ ಹೊಗಳಿಕೆಗಳಲ್ಲಿ ಅದೊಂದನ್ನು ಮಾತ್ರ ನಾನು ಯಾರಿಗೂ ಹೇಳಿಕೊಂಡಿಲ್ಲ. ಗಂಟೆ ದಾಟಿದೆ ಅಂತ ಖಾತ್ರಿ ಮಾಡಿಕೊಂಡು ಅಯೋಡಿನ್ ಹನಿ ಕೊಟ್ಟರು.

ಆಮೇಲಿನ ಎರಡು ದಿನ ನಾವಿಬ್ಬರೂ ಐಸಿಯು ಹೊರಗಿನ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ನಾಡಿ ಎಷ್ಟು ಅಂತ ಒಳಗೆ ಹೋಗಿ ಬಂದವರನ್ನೆಲ್ಲ ಕೇಳುತ್ತಿದ್ದೆ. ನೂರ ನಲವತ್ತು ಅಂದರು. ನೂರ ಮೂವತ್ತು ಅಂದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ತಾಳೆ ನೋಡುತ್ತಿದ್ದೆ. ಎರಡನೇ ದಿನ ಮಧ್ಯಾಹ್ನ ಭಾವ ಟೀ ತಂದು ನನ್ನ ಪಕ್ಕದಲ್ಲಿ ಇಟ್ಟರು.

'ಗಂಟು ನಂಗೆ ಗೊತ್ತಿತ್ರೀ' ಅಂದರು.

ನಾನು ಅವರ ಕಡೆ ತಿರುಗಿ ಕೂತೆ.

'ದಿನಾ ನೂರು ಕುರಿ ಗಂಟಲು ಮುಟ್ಟಿ ನೋಡಾವ ನಾನು. ಎಲ್ಲಿ ಊದೈತಿ, ಎಲ್ಲಿ ಬತ್ತೈತಿ ಅಂತ ಕತ್ತಲಾಗೂ ಹೇಳ್ತೀನಿ. ಮನೀ ಹೆಂಗಸಿನ ಕುತ್ತಿಗಿ ನಂಗೆ ಕಾಣಂಗಿಲ್ಲೇನು? ಸೆರಗು ಮುಚ್ಚಿಕೊಂಡ್ಲು. ಮಗಳ ಸಲುವಾಗಿ ಮುಚ್ಚಿಕೊಂಡಾಳೆ, ಬಿಡು ಅಂತ ನಾನೂ ಮುಚ್ಚಿಕೊಂಡೆ. ಮಾತ್ರೆ ವಿಷಯ ಗೊತ್ತಿರಲಿಲ್ಲ, ಅಷ್ಟೇ.' ತಮ್ಮ ಲೋಟ ಕೆಳಗಿಟ್ಟು ಹೇಳಿದರು: 'ಡಾಕ್ಟ್ರು ಕೇಳಿದಾಗ ಏನೂ ಇಲ್ಲ ಅಂದೆನಲ್ರೀ. ಆ ಮಾತು ಗಂಟಲಾಗೇ ಐತಿ.'

ನಾನು ಅವರನ್ನು ಜಮೀನು ಕಳ್ಳ ಅಂದುಕೊಂಡದ್ದು, ಹೊಡೆಯುವವರು ಅಂದುಕೊಂಡದ್ದು ಹೇಳಿಬಿಡಲೇ ಅನ್ನಿಸಿತು. ಟೀ ಕುಡಿದೆ.

ಮೂರನೇ ದಿನ ನಾಡಿ ನೂರಕ್ಕೆ ಇಳಿಯಿತು, ಜ್ವರ ಬಿಟ್ಟಿತು. ನಾಲ್ಕನೇ ದಿನ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಅಕ್ಕ ನನ್ನನ್ನು ಅಪ್ಪ ಅನ್ನಲಿಲ್ಲ. ಬಹಳ ಹೊತ್ತು ನೋಡಿ, ಒಣಗಿದ ತುಟಿ ಬಿಚ್ಚಿ, 'ಪಥ್ಯ ಮುರೀತೇನೋ?' ಅಂದಳು. ಮುರಿಯಿತು ಅಂದೆ. 'ಹಂಗಾರೆ ಒಂದು ಸ್ವಲ್ಪ ಖಾರ ತಿನ್ನಾಕೆ ಕೊಡ್ರೋ.'

ಮನೆಗೆ ಬಂದು ಹೆಂಡತಿಗೆ ಟಾರ್ಪಾಲಿನ ಸಂಗತಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. 'ಎಂತ ಮಾಡಿದ್ರಿ ನೀ…' ಅಂತ ಶುರು ಮಾಡಿದವಳು ನಡುವೆಯೇ ನಿಲ್ಲಿಸಿ, ಊಟ ಬಡಿಸಿದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಒಂದು ಮಾತನ್ನು ಅರ್ಧಕ್ಕೆ ಬಿಟ್ಟದ್ದು ಅದೊಂದೇ ಸಲ. ಮುಂದಿನ ವಾರ ಸೊರಬಕ್ಕೆ ಹೋಗಿ ಆ ಯಜಮಾನರಿಗೂ ನಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡು ಬಂದೆ. 'ಕಣ್ಣು ನೋಡುವಾಗ ಬಿಸಿಲಿಗೇ ನಿಲ್ಸೋದು ಎಂತಕ್ಕೆ ಅಂತ ಮಾಡಿದ್ರಿ?' ಅಂತ ಅಷ್ಟೇ ಕೇಳಿದರು.

ಅಕ್ಕ ಮತ್ತೆ ಪೇಟೆಗೆ ಬಂದದ್ದು ಮುಂಗಾರು ಬಿತ್ತನೆ ಮುಗಿದ ಮೇಲೆ, ಒಂದು ಸಂತೆ ದಿನ. ಜೊತೆಗೆ ಭಾವ ಇದ್ದರು. ಈಗ ಮಾತ್ರೆಗಳು ಅವರ ಮನೆಯ ನಡುಗೋಡೆಯ ಗೂಡಿನಲ್ಲಿ, ಕುರಿಯ ಜಂತುಹುಳದ ಔಷಧಿ ಬಾಟಲಿಯಿಂದ ದೂರದಲ್ಲಿ, ಎಲ್ಲರಿಗೂ ಕಾಣುವಂತೆ ಇವೆ. ದಿನಾ ನೆನಪಿಸುವುದು ಮಗಳ ಕೆಲಸ. ತಿಂಗಳಿಗೊಮ್ಮೆ ಡಾಕ್ಟರಮ್ಮನ ಹತ್ತಿರ ರಕ್ತ ಪರೀಕ್ಷೆ. ಗಂಡಿನ ಕಡೆಯವರು 'ನೋಡಿ ಹೇಳ್ತೀವಿ' ಅಂದವರು ಇನ್ನೂ ಹೇಳಿಲ್ಲ. ಅದರ ಹಿಂದೆ ಯಾರಿದ್ದಾರೆ ಅಂತ ನನಗೊಂದು ಅನುಮಾನವಿದೆ, ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಹದ್ದುಬಸ್ತಿನ ಅರ್ಜಿ ಇನ್ನೂ ಡ್ರಾಯರಿನಲ್ಲೇ ಇತ್ತು. ಹೊಸದಾಗಿ ಬರೆದು ಮುಂದಿಟ್ಟೆ. ಅಕ್ಕ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು. ರಂಗೋಲಿ ಚುಕ್ಕಿ. ನಾನು ಅಭ್ಯಾಸದಂತೆ ಕಾಗದವನ್ನು ಬೆಳಕಿಗೆ ಹಿಡಿದೆ.

'ಇನ್ನೂ ಪರೀಕ್ಷೆ ಮಾಡ್ತೀಯಲ್ಲೋ ಮೂಳ' ಅಂದಳು.

ಕಾಗದ ಕೆಳಗಿಟ್ಟೆ. ಟಾರ್ಪಾಲು ಬದಲಿಸಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ, ಇನ್ನೂ ಬದಲಿಸಿಲ್ಲ. ಅದರ ಕೆಳಗೆ ಅಕ್ಕನ ಮುಖ, ಭಾವನ ಬಿಳಿ ಅಂಗಿ, ಅರ್ಜಿ, ಎಲ್ಲ ಹಳದಿಯಾಗಿದ್ದವು. ನನ್ನ ಕಣ್ಣು ತಾನಾಗಿಯೇ ಅಕ್ಕನ ಕಣ್ಣಿನ ಕಡೆ ಹೋಯಿತು. ಅವಳಿಗೆ ಗೊತ್ತಾಯಿತು. ಎದ್ದಳು. ಟಾರ್ಪಾಲಿನ ನೆರಳು ದಾಟಿ, ಸಾಲಿನಲ್ಲಿ ನಿಂತ ಜನರ ನಡುವೆ ಬಿಸಿಲಿಗೆ ಹೋಗಿ ನಿಂತು, ಕುತ್ತಿಗೆಯ ಸೆರಗು ಸರಿಸಿ, ಎರಡೂ ಕೈಯ ಬೆರಳಿನಿಂದ ಕೆಳರೆಪ್ಪೆ ಎಳೆದು ಹಿಡಿದಳು.

'ನೋಡಾದಿದ್ರೆ ಇಲ್ಲಿ ಬಂದು ನೋಡು ಬಾ' ಅಂದಳು.

ಎದ್ದು ಹೋಗಿ ನೋಡಿದೆ.